ಗೂಗಲ್ ಕಣ್ಣಿಗೆ ಬೀಳದ ಕೊಳೆರೋಗ: ಮಾವನ ಹಳೇ ಸೈಟ್ ರಿಪೇರಿ

ಜೂನ್ ಮೊದಲ ವಾರ, ಮಳೆ ಹಿಡಿದ ಹೊತ್ತಿಗೆ ಮಾವ ಫೋನ್ ಮಾಡಿದರು. ಮಾವನದು ಶಿರಸಿ ಹತ್ತಿರ ಅಡಿಕೆ ತೋಟ. 2006ರಿಂದ ತಮ್ಮದೇ ಒಂದು ವೆಬ್‌ಸೈಟಿನಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ ಅಂತ ಬರೆಯುತ್ತಾ ಬಂದಿದ್ದಾರೆ. "ಏನೋ, ಗೂಗಲ್‌ನಲ್ಲಿ ಕೊಳೆರೋಗ ಅಂತ ಹೊಡೆದ್ರೆ ಯಾರ್ಯಾರದ್ದೋ ಬರ್ತದೆ, ನಂದು ಮಾತ್ರ ಇಲ್ಲ. ಹತ್ತೊಂಬತ್ತು ವರ್ಷದಿಂದ ಬರೀತಿದ್ದೇನೆ ಮಾರಾಯ," ಅಂದರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ ಈ ಕೊಳೆರೋಗ. ಇದೇ ಹೊತ್ತಿಗೆ ಯಾರೋ ಅವರಿಗೆ ಫೋನ್ ಮಾಡಿ, ತಿಂಗಳಿಗೆ ಇಷ್ಟು ಸಾವಿರ ಕೊಟ್ಟರೆ ಮೊದಲ ಪುಟ ಗ್ಯಾರಂಟಿ ಅಂದಿದ್ದಾರೆ. ದುಡ್ಡು ಕಳಿಸೋ ಮೊದಲು ನನ್ನನ್ನು ಕೇಳಿದ್ದು ಪುಣ್ಯ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡೋಕೆ ಆಗಲ್ಲ ಅಂತ ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಬರೆದುಕೊಂಡಿದೆ.

"ಒಂದು ವಾರ ಕೊಡಿ ಮಾವ, ನಾನೇ ನೋಡ್ತೇನೆ," ಅಂದೆ. ಆ ಒಂದು ವಾರ ಆರು ತಿಂಗಳಾಯಿತು. ಮಾಡಿದ್ದು, ಕೆಡಿಸಿದ್ದು ಎರಡನ್ನೂ ಬರೆದಿಡ್ತಾ ಇದ್ದೇನೆ. ಹಳೇ ಕನ್ನಡ ಸೈಟ್ ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ರೋಗ ಎಲ್ಲಿದೆ

ಮೊದಲ ಪರೀಕ್ಷೆ ಸುಲಭದ್ದು. ಗೂಗಲ್‌ನಲ್ಲಿ ಸೈಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಕೊಟ್ಟರೆ ಆ ಸೈಟಿನ ಯಾವ ಪುಟಗಳು ಗೂಗಲ್ ಹತ್ತಿರ ಇವೆ ಅನ್ನೋದು ಸುಮಾರಾಗಿ ಗೊತ್ತಾಗುತ್ತದೆ. ಪುಟಗಳು ಇದ್ದವು! ಆದರೆ 2013ಕ್ಕಿಂತ ಹಳೇ ಪುಟಗಳಲ್ಲಿ ಶೀರ್ಷಿಕೆ ಇರಬೇಕಾದ ಕಡೆ ಪೌಂಡ್ ಗುರುತು, ತಲೆ ಮೇಲೆ ಗೀಟು ಎಳೆಸಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಜರ್ಮನ್ ಅಕ್ಷರದಂಥದ್ದು. ಒಂದೇ ಒಂದು ಕನ್ನಡ ಅಕ್ಷರ ಇಲ್ಲ.

ಆಗ ಅರ್ಥವಾಯಿತು. ಮಾವ ಆ ಲೇಖನಗಳನ್ನೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಗೇ ಅಂಟಿಸಿದ್ದಾರೆ, ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೇ ಫಾಂಟಿನಲ್ಲಿ. ಆ ಕಾಲಕ್ಕೆ ಅದೇ ದಾರಿ, ಅವರನ್ನು ದೂರಿ ಪ್ರಯೋಜನ ಇಲ್ಲ. ಆ ಫಾಂಟುಗಳಲ್ಲಿ ಕಡತದೊಳಗೆ ಇರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಕಣ್ಣಿಗೆ ಕನ್ನಡವಾಗಿ ಕಾಣಿಸೋದು ಫಾಂಟ್ ಮಾಡುವ ವೇಷ ಅಷ್ಟೇ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದ್ದಾಗ ಪುಟದ ಜೊತೆಗೇ ಫಾಂಟ್ ಇಳಿಯುವಂತೆ ಮಾಡಬಹುದಿತ್ತು, ಆಗಿನ ಕನ್ನಡ ಪತ್ರಿಕೆಗಳ ಸೈಟುಗಳೂ ಹಾಗೇ ಓಡುತ್ತಿದ್ದವು. ಗೂಗಲ್‌ಗೆ ಫಾಂಟಿನ ಹಂಗಿಲ್ಲ, ಅದು ಸಂಕೇತ ಮಾತ್ರ ಓದುತ್ತದೆ. ಅದರ ಪಾಲಿಗೆ ಮಾವ ಹಾಗೆ ಬರೆದ ಸುಮಾರು 340 ಲೇಖನಗಳು ಯಾವ ಭಾಷೆಯೂ ಅಲ್ಲ.

ಅಂದರೆ ಇದು ಎಸ್‌ಇಒ (ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ತಿದ್ದುವ ಕೆಲಸ) ಸಮಸ್ಯೆಯೇ ಅಲ್ಲ. ರ್‍ಯಾಂಕ್ ಕಡಿಮೆ ಅಂತಲ್ಲ, ಓಟದ ಪಟ್ಟಿಯಲ್ಲೇ ಹೆಸರಿಲ್ಲ.

ನುಡಿಯಿಂದ ಯೂನಿಕೋಡ್‌ಗೆ

ಇಡೀ ಸೈಟನ್ನು ಇಳಿಸಿಕೊಂಡು ಎರಡು ಕಡೆ ಪ್ರತಿ ಇಟ್ಟೆ. ಆಮೇಲೆ ಹಳೇ ಬರಹವನ್ನು ಯೂನಿಕೋಡ್ ಮಾಡೋಕೆ ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಪರಿವರ್ತಕಗಳು ಪುಕ್ಕಟೆಗೆ ಸಿಗುತ್ತವೆ, ಆದರೆ 340 ಸಲ ಕಾಪಿ, ಪೇಸ್ಟ್ ಮಾಡೋ ತಾಳ್ಮೆ ನನಗಿಲ್ಲ.

ಮೊದಲ ಸಲ ದಡ್ಡತನ ಮಾಡಿದೆ. ಇಡೀ ಎಚ್‌ಟಿಎಂಎಲ್ ಕಡತವನ್ನೇ ಪರಿವರ್ತಕಕ್ಕೆ ಕೊಟ್ಟುಬಿಟ್ಟೆ. ಪುಟದ ರೂಪ ಹೇಳುವ ಟ್ಯಾಗುಗಳೂ ಇಂಗ್ಲಿಷ್ ಅಕ್ಷರಗಳೇ ಅಲ್ವಾ, ಅವೂ ಕನ್ನಡವಾಗಿ ಕೂತವು, ಪುಟ ಅಂತ ಏನೂ ಉಳಿಯಲಿಲ್ಲ. ಎರಡನೇ ಸಲ ಟ್ಯಾಗ್ ಬಿಟ್ಟು ಬರಹ ಮಾತ್ರ ತೆಗೆದೆ. ಈಗ ಮಾವ ಅಲ್ಲಲ್ಲಿ ನಿಜವಾಗಿ ಇಂಗ್ಲಿಷಿನಲ್ಲೇ ಬರೆದಿದ್ದ ಔಷಧಿ ಹೆಸರುಗಳು ಅರ್ಥವಿಲ್ಲದ ಕನ್ನಡವಾದವು. ಕೊನೆಗೆ ಫಾಂಟ್ ಟ್ಯಾಗಿನಲ್ಲಿ ನುಡಿಯ ಹೆಸರಿದ್ದ ಭಾಗವನ್ನು ಮಾತ್ರ ಬದಲಾಯಿಸಿ, ಉಳಿದದ್ದನ್ನು ಮುಟ್ಟದೆ ಬಿಟ್ಟ ಮೇಲೆ ಸರಿಹೋಯಿತು.

ಅಕ್ಷರಕ್ಕೆ ಅಕ್ಷರ ಬದಲಾಯಿಸಿದರೆ ಸಾಕು ಅಂದುಕೊಂಡಿದ್ದೆ. ಸಾಲದು. ಹಳೇ ಫಾಂಟುಗಳಲ್ಲಿ ಬರಹ ಇರೋದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಯೂನಿಕೋಡ್‌ನಲ್ಲಿ ಇರೋದು ಉಚ್ಚಾರದ ಕ್ರಮದಲ್ಲಿ. "ಶಕ್ತಿ" ತೆಗೆದುಕೊಳ್ಳಿ. ನುಡಿಯಲ್ಲಿ ಶ, ಆಮೇಲೆ ಕಿ, ಆಮೇಲೆ ತಕಾರದ ಒತ್ತು. ಯೂನಿಕೋಡ್‌ನಲ್ಲಿ ಶ, ಕ, ಹಲಂತ (ಸ್ವರ ಕಳೆಯುವ ಗುರುತು), ತ, ಕೊನೆಗೆ ಗುಡಿಸು. ಮಕಾರವಂತೂ ಅಲ್ಲಿ ಒಂದು ಅಕ್ಷರವೇ ಅಲ್ಲ, ವಕಾರದ ತುಂಡಿಗೆ ಒಂದು ಕೊಂಬು ಅಂಟಿಸಿದ್ದು. ಅರ್ಕಾವೊತ್ತು ಅಕ್ಷರದ ಬಲಕ್ಕೆ ಕಾಣುತ್ತದಲ್ಲ, ಹಾಗಾಗಿ ಅದು ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ಇದನ್ನು ನಾನು ಹಿಂದೆ ಮುಂದೆ ಮಾಡದೆ ಬಿಟ್ಟಿದ್ದರಿಂದ ಸೈಟಿನ ತುಂಬ ಬೋರ್ಡೋ ದ್ರಾವಣ (ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು, ಸುಣ್ಣದ ಔಷಧಿ) "ಬೋಡೋರ್ ದ್ರಾವಣ" ಆಗಿ ಕೂತಿತ್ತು. ಮಾವ ಫೋನಿನಲ್ಲೇ ಓದಿ ನಕ್ಕರು.

ಸೊನ್ನೆ ಮತ್ತು ಒಂಬತ್ತು

2013ರಿಂದೀಚಿನ ಲೇಖನಗಳು ಯೂನಿಕೋಡ್‌ನಲ್ಲೇ ಇದ್ದವು. ಅವು ಸರಿ ಇವೆ ಅಂದುಕೊಂಡು ಮುಟ್ಟಿರಲಿಲ್ಲ. ಆದರೆ ಅದರಲ್ಲಿ "ಮ೦ಗಳೂರು" ಅಂತ ಹುಡುಕಿದರೆ ಸಿಗುತ್ತಿತ್ತು, "ಮಂಗಳೂರು" ಅಂದರೆ ಇಲ್ಲ. ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ? ಮೊದಲನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಇರೋದು ಕನ್ನಡದ ಸೊನ್ನೆ ಅಂಕಿ. ಮಾವನಿಗೆ ಕೀಬೋರ್ಡಿನಲ್ಲಿ ಅದು ಕೈಗೆ ಬೇಗ ಸಿಕ್ಕಿದೆ, ನೋಡೋಕೆ ಸರಿ ಇದೆ, ಹಾಗೇ ಬರೆದಿದ್ದಾರೆ. ಅರ್ಕಾವೊತ್ತಿಗೂ ಇದೇ ಕಥೆ. "ಮಾಗ೯" ಅಂತ ಗಕಾರದ ಮುಂದೆ ಒಂಬತ್ತು! ಮಾವ ಒಬ್ಬರೇ ಅಲ್ಲ, ಕನ್ನಡ ಜಾಲತಾಣಗಳಲ್ಲಿ ಇದು ಊರಿಗೆಲ್ಲ ಇರೋ ಚಟ. ಜನ ಓದಿಕೊಳ್ಳುತ್ತಾರೆ, ಯಂತ್ರ ಮಾತ್ರ ಮಾ, ಗ, ಒಂಬತ್ತು ಅಂತಲೇ ಓದುತ್ತದೆ.

ಸೊನ್ನೆಗೆ ನಿಯಮ ಸುಲಭ. ಹಿಂದೆ ಅಕ್ಷರ ಇದ್ದು ಅಂಕಿ ಇಲ್ಲದಿದ್ದರೆ ಅನುಸ್ವಾರ ಮಾಡು, "೧೦೦ ಲೀಟರ್" ಥರದ್ದನ್ನು ಬಿಡು. ಒಂಬತ್ತಿಗೆ, ಹಿಂದಿನ ಅಕ್ಷರದ ಗುಂಪಿನ ಮೊದಲು ರಕಾರ ಮತ್ತು ಹಲಂತ ಇಟ್ಟು ಒಂಬತ್ತನ್ನು ಅಳಿಸು. ಇದು ಚೆನ್ನಾಗೇ ಓಡಿತು. ಆದರೆ ಮಾವ ಒಂದು ಕಡೆ ಜಾಗ ಬಿಡದೆ "ಗಂಟೆ೯ಕ್ಕೆ" ಅಂತ ಬರೆದಿದ್ದರು. ಅದು "ಗಂರ್ಟೆಕ್ಕೆ" ಆಯಿತು. ಬೆಳಗ್ಗೆ ಗಂರ್ಟೆಕ್ಕೆ ಸಿಂಪಡಿಸಿ. ಇಂಥವು ಹತ್ತಿಪ್ಪತ್ತು ಇದ್ದವು, ಕೈಯಲ್ಲೇ ತಿದ್ದಿದೆ.

ಇನ್ನೊಂದು ತಪ್ಪು ಪೂರಾ ನನ್ನದು. ಬರಹದಲ್ಲಿ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಅಕ್ಷರಗಳು ತುಂಬ ಸಿಕ್ಕವು. ಕಸ ಅಂದುಕೊಂಡು ಎಲ್ಲವನ್ನೂ ಗುಡಿಸಿ ಹಾಕಿದೆ. ಮರುದಿನ ಮಾವನ ಮೆಸೇಜ್: "ಡ್ರಮ್ನಲ್ಲಿ ಅಂತ ಯಾರಪ್ಪ ಬರೆದದ್ದು?" ಕನ್ನಡದಲ್ಲಿ "ಡ್ರಮ್‌ನಲ್ಲಿ" ಅಂತ ಮಕಾರವನ್ನು ಬಿಡಿಸಿ ತೋರಿಸೋದು ಆ ಕಾಣದ ಅಕ್ಷರವೇ. ಹಿಂದಿನ ಪ್ರತಿ ಇಟ್ಟಿದ್ದಕ್ಕೆ ಬಚಾವಾದೆ.

ವಿಳಾಸದ ಉದ್ದ

ಎಲ್ಲವನ್ನೂ ವರ್ಡ್‌ಪ್ರೆಸ್ ಅನ್ನೋ ಸೈಟ್ ನಡೆಸುವ ತಂತ್ರಾಂಶಕ್ಕೆ ತಂದೆ. ಮಾವನ ಶೀರ್ಷಿಕೆಗಳು ಕಾವ್ಯಮಯ. "ಮಳೆಗಾಲದ ವೈರಿ ಬಂದ!" ಅಂದರೆ ಯಾರು ಹುಡುಕುತ್ತಾರೆ? ಅದನ್ನು ಒಳಗೆ ಉಪಶೀರ್ಷಿಕೆ ಮಾಡಿ, ಮೇಲೆ "ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ವಿಧಾನ" ಅಂತ ಬರೆದೆ. ಮಾವನಿಗೆ ಬೇಸರ ಆಯಿತು, ಆದರೆ ಒಪ್ಪಿದರು.

ಈಗ, ಶೀರ್ಷಿಕೆಯಿಂದಲೇ ತಯಾರಾಗುವ ಪುಟದ ವಿಳಾಸ ನೋಡಿದರೆ "ಅಡಿಕೆ-ಕೊಳೆರೋಗಕ್ಕೆ-ಬೋರ್ಡೋ" ಅಂತ ಅಲ್ಲಿಗೇ ಕಡಿದಿದೆ. ಮೂರು ಲೇಖನಕ್ಕೆ ಇಂಥದೇ ಹೆಸರು ಇಟ್ಟಿದ್ದರಿಂದ ಉಳಿದ ಎರಡಕ್ಕೆ ಬಾಲದಲ್ಲಿ 2, 3 ಅಂತ ಸೇರಿದೆ. ತಲೆ ಕೆರೆದುಕೊಂಡು ಲೆಕ್ಕ ಹಾಕಿದೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ವಿಳಾಸದಲ್ಲಿ ಅದು ಶೇಕಡಾ ಚಿಹ್ನೆ ಸೇರಿ 9 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಇಟ್ಟ ಮಿತಿ 200 ಅಕ್ಷರ. ಅಡಿಕೆ ಅನ್ನೋದರಲ್ಲಿ 5 ಸಂಕೇತ, ಕೊಳೆರೋಗಕ್ಕೆ 11, ಬೋರ್ಡೋ 6. ಒಟ್ಟು 22, ಅಂದರೆ 198, ನಡುವಿನ ಎರಡು ಗೆರೆ ಸೇರಿ ಸರಿಯಾಗಿ 200. ಕಾಗುಣಿತದ ಗುರುತು, ಹಲಂತ ಎಲ್ಲವೂ ಲೆಕ್ಕಕ್ಕೆ ಸೇರೋದರಿಂದ ಕನ್ನಡದಲ್ಲಿ ಎರಡೂವರೆ, ಮೂರು ಪದಕ್ಕೆ ಜಾಗ ಮುಗಿಯುತ್ತದೆ.

ಕನ್ನಡದ ವಿಳಾಸ ಗೂಗಲ್‌ಗೆ ಅರ್ಥವಾಗುತ್ತದೆ, ಅದರಿಂದ ತೊಂದರೆ ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದಾಗ ಮಾತ್ರ ನಾಲ್ಕು ಸಾಲು ಶೇಕಡಾ ಚಿಹ್ನೆ ಸುರಿಯುತ್ತದೆ, ನೋಡಿದವರು ವೈರಸ್ ಅಂತ ಒತ್ತುವುದೇ ಇಲ್ಲ. ಮಾವನ ಓದುಗರು ಬರೋದೇ ವಾಟ್ಸಾಪ್ ಗುಂಪುಗಳಿಂದ. ಹಾಗಾಗಿ ವಿಳಾಸಗಳನ್ನು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡ ಪದಗಳೇ ಇರುವಂತೆ ಬರೆದೆ. ರ್‍ಯಾಂಕಿಗಾಗಿ ಅಲ್ಲ, ಒತ್ತುವ ಬೆರಳಿಗಾಗಿ.

ಹಳೇ ವಿಳಾಸಗಳಿಂದ ಹೊಸದಕ್ಕೆ ದಾರಿ ತೋರಿಸಬೇಕಿತ್ತು. ಸೋಮಾರಿತನದಿಂದ ಎಲ್ಲವನ್ನೂ ಮುಖಪುಟಕ್ಕೇ ತಿರುಗಿಸಿದೆ. ಸರ್ಚ್ ಕನ್ಸೋಲ್ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ವರದಿ ಪುಟ) ಇವನ್ನು ಸಾಫ್ಟ್ 404 ಅಂತ ಪಟ್ಟಿ ಮಾಡಿತು. ಅಂದರೆ ಪುಟ ಇಲ್ಲ ಅಂತಲೇ ಲೆಕ್ಕ. ಕೂತು ಒಂದೊಂದಕ್ಕೂ ಸರಿಯಾದ ಜೋಡಿ ಬರೆದು 301, ಅಂದರೆ ವಿಳಾಸ ಕಾಯಂ ಬದಲಾಗಿದೆ ಅನ್ನೋ ಸೂಚನೆ, ಹಾಕಿದೆ. ಇದನ್ನು ಕಡಿಮೆ ಅಂದರೂ ಒಂದು ವರ್ಷ ತೆಗೆಯಬೇಡಿ ಅಂತ ಗೂಗಲ್ ಹೇಳುತ್ತದೆ. ನಾನು ತೆಗೆಯೋದೇ ಇಲ್ಲ, ಕೃಷಿ ಗುಂಪುಗಳಲ್ಲಿ 2009ರ ಕೊಂಡಿಗಳನ್ನು ಈಗಲೂ ಜನ ಹಂಚುತ್ತಾರೆ.

ನಡುವೆ ಒಂದು ಸಂಜೆ ಹೊಸ ಪುಟಗಳೂ ಗೀಟಿನ ಅಕ್ಷರಗಳಾಗಿ ಕಂಡು ಎದೆ ಧಸಕ್ಕೆಂದಿತು. ಸರ್ವರ್, ಪುಟಕ್ಕೆ ಮುಂಚೆ ಕಳಿಸುವ ತನ್ನ ಹೆಡರ್‌ನಲ್ಲಿ, ಇದು ಹಳೇ ಐಎಸ್ಒ 8859-1 ಅನ್ನೋ ಯುರೋಪಿನ ಅಕ್ಷರ ಸಂಕೇತ ಅಂತ ಹೇಳುತ್ತಿತ್ತು. ಪುಟದೊಳಗೆ ಯುಟಿಎಫ್-8 ಅಂತ ಎಷ್ಟು ಬರೆದರೂ ಹೆಡರ್ ಮಾತೇ ನಡೆಯೋದು. ಸರ್ವರಿನ ಸಂರಚನೆಯಲ್ಲಿ ಒಂದು ಸಾಲು ತಿದ್ದಿದೆ, ಮುಗಿಯಿತು.

ಹತ್ತೊಂಬತ್ತು ದಿನ ಕಾದದ್ದು

ಎಲ್ಲ ಮುಗಿಸಿ ಗೂಗಲ್‌ಗೆ ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಕೊಟ್ಟು ಕೂತೆ. ಒಂದು ಪುಟವೂ ಇಂಡೆಕ್ಸ್ ಆಗಲಿಲ್ಲ, ಅಂದರೆ ಗೂಗಲ್ ಪಟ್ಟಿಗೆ ಸೇರಲಿಲ್ಲ. ಹೊಸ ಸೈಟ್, ತಡ ಆಗುತ್ತೆ ಅಂತ ಸಮಾಧಾನ ಮಾಡಿಕೊಂಡೆ. ಮಾವ ಎರಡು ದಿನಕ್ಕೊಮ್ಮೆ "ಬಂತಾ?" ಅಂತ ಕೇಳೋರು. ಹತ್ತೊಂಬತ್ತನೇ ದಿನ ಸರ್ಚ್ ಕನ್ಸೋಲ್‌ನಲ್ಲಿ ಒಂದು ಪುಟವನ್ನು ಪರೀಕ್ಷೆಗೆ ಕೊಟ್ಟರೆ, ಪಟ್ಟಿಗೆ ಸೇರಿಸಬೇಡ ಅನ್ನುವ ನೋಇಂಡೆಕ್ಸ್ ಟ್ಯಾಗ್ ಇದೆ ಅಂತ ಬಂತು. ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗಿನಲ್ಲಿ, ಹುಡುಕು ಯಂತ್ರಗಳು ಬರಬೇಡಿ ಅನ್ನೋ ಒಂದು ಚೌಕ ಇದೆ. ಕೆಲಸ ನಡೆಯುವಾಗ ನಾನೇ ಗುರುತು ಹಾಕಿದ್ದೆ. ನಾನೇ ಮರೆತಿದ್ದೆ. ಮಾವನಿಗೆ ಈಗಲೂ ಹೇಳಿಲ್ಲ, ಗೂಗಲ್ ನಿಧಾನ ಅಂತಲೇ ನಂಬಿದ್ದಾರೆ.

ಹಳೇ ಸೈಟಿನ ತಲೆಯಲ್ಲಿ ಓದುಗರಿಗೆ ಕಾಣದ ಮೆಟಾ ಕೀವರ್ಡ್ ಅಂತ ನೂರಾರು ಪದ ತುಂಬಿತ್ತು. ಅದನ್ನು ರ್‍ಯಾಂಕಿಂಗಿಗೆ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ಹಾಗಾಗಿ ನಾನು ಅದನ್ನು ಅಳಿಸಿದೆ. ಗ್ಯಾರಂಟಿ ಕೊಟ್ಟವರ ಪಟ್ಟಿಯಲ್ಲಿ "5000 ಬ್ಯಾಕ್‌ಲಿಂಕ್" (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಕೊಂಡಿ) ಅಂತಲೂ ಇತ್ತು. ಗೂಗಲ್‌ನ 2012ರ ಪೆಂಗ್ವಿನ್ ಅಪ್‌ಡೇಟ್ ಬಂದದ್ದೇ ಅಂಥ ಕೊಳ್ಳುವ ಕೊಂಡಿಗಳ ವ್ಯಾಪಾರದ ಮೇಲೆ. ಹದಿಮೂರು ವರ್ಷ ಆದ ಮೇಲೂ ಅದೇ ಮಾಲು ಮಾರುತ್ತಾರಲ್ಲ, ಮೆಚ್ಚಬೇಕು.

ಪುಟದ ತೂಕ ಇಳಿಸೋದು ನಿಜವಾಗಿ ಉಪಯೋಗಕ್ಕೆ ಬಂತು. ಗೂಗಲ್ ಈಗ ಸೈಟ್ ಓದೋದೇ ಮೊಬೈಲ್ ರೂಪದಲ್ಲಿ, ಮಾವನ ಓದುಗರು ಓದೋದು ತೋಟದಲ್ಲಿ ನಿಂತು, ಎರಡು ಗೆರೆ ಸಿಗ್ನಲ್‌ನಲ್ಲಿ. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಅಳತೆ. ನಾನು ಚೆಂದಕ್ಕೆ ಅಂತ ಕನ್ನಡ ಫಾಂಟಿನ ನಾಲ್ಕು ದಪ್ಪಗಳನ್ನು ಹೇರಿದ್ದೆ. ಒಂದೊಂದರಲ್ಲೂ ಒತ್ತಕ್ಷರಗಳೆಲ್ಲ ಸೇರಿ ನೂರಾರು ಆಕಾರ, ಇಂಗ್ಲಿಷ್ ಫಾಂಟಿನಷ್ಟು ಹಗುರ ಅಲ್ಲ. ಮೂರನ್ನು ತೆಗೆದೆ. ಆಮೇಲೆ ಉಳಿದ ಒಂದನ್ನೂ ತೆಗೆದು ಫೋನಿನಲ್ಲೇ ಇರುವ ಕನ್ನಡ ಫಾಂಟಿಗೆ ಬಿಟ್ಟೆ. ಯಾರೂ ಗಮನಿಸಲಿಲ್ಲ.

ಜನ ಹುಡುಕೋದು ಹೇಗೆ

ಆಗಸ್ಟ್‌ನಲ್ಲಿ ಸರ್ಚ್ ಕನ್ಸೋಲ್ ತುಂಬತೊಡಗಿತು. ನನಗೆ ಇಡೀ ಕೆಲಸದಲ್ಲಿ ಖುಷಿ ಕೊಟ್ಟದ್ದು ಈ ಪಟ್ಟಿ. ಕೊಳೆರೋಗ, ಕೊಳೆ ರೋಗ, ಮಹಾಳಿ, ಬೋರ್ಡೋ, ಬೋರ್ಡೊ, ಬೋಡೋ. ಅದಕ್ಕಿಂತ ಜಾಸ್ತಿ, ಅದೇ ಕನ್ನಡ ಪದಗಳು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಥರ. ಇನ್ನು ಕೆಲವು ಉದ್ದ ವಾಕ್ಯಗಳು, "ಅಡಿಕೆ ಮರದ ಬುಡದಲ್ಲಿ ಎಳೆಕಾಯಿ ಉದುರ್ತಾ ಇದೆ ಏನು ಮಾಡಬೇಕು" ಅಂತ. ಇದು ಬೆರಳಲ್ಲಿ ಬರೆದದ್ದಲ್ಲ, ಬಾಯಲ್ಲಿ ಕೇಳಿದ್ದು.

ಹಾಗಂತ ಎಲ್ಲ ಕಾಗುಣಿತವನ್ನೂ ಲೇಖನದಲ್ಲಿ ತುಂಬಿಸಿದರೆ ಗಬ್ಬು. "ನನ್ನ ಲೇಖನದಲ್ಲಿ ತಪ್ಪು ಕನ್ನಡ ಬೇಡ," ಅಂತ ಮಾವ ಖಡಾಖಂಡಿತ ಹೇಳಿದರು. ಸರಿ, ಮೊದಲ ಪ್ಯಾರಾದಲ್ಲಿ ಸಹಜವಾಗಿ "ನಮ್ಮಲ್ಲಿ ಕೊಳೆ ಅಂತಾರೆ, ಕೆಲವು ಕಡೆ ಮಹಾಳಿ" ಅಂತ ಒಂದು ಮಾತು ಸೇರಿಸಿದೆವು. ಅಷ್ಟು ಸಾಕಾಯಿತು, ಮಹಾಳಿ ಅಂತ ಹುಡುಕಿದವರಿಗೂ ಪುಟ ಸಿಗತೊಡಗಿತು. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಗೂಗಲ್ ಎಷ್ಟೋ ಸಲ ತಾನೇ ಕನ್ನಡ ಪುಟಕ್ಕೆ ಜೋಡಿಸುತ್ತಿತ್ತು, ಅದಕ್ಕೆ ನಾನೇನೂ ಮಾಡಲಿಲ್ಲ.

ಆದರೆ ಒಂದು ವಿಚಿತ್ರ. ಬೋರ್ಡೋ ಅಳತೆಯ ಪುಟ ತುಂಬ ಸಲ ಫಲಿತಾಂಶದಲ್ಲಿ ಕಾಣಿಸಿದೆ, ಒತ್ತಿದವರು ಕಡಿಮೆ. ಕಾರಣ ಊಹಿಸೋದು ಕಷ್ಟ ಅಲ್ಲ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಉತ್ತರ ಒಂದು ಸಾಲು. ಅದು ಮೇಲೇ ಸಿಕ್ಕಿದರೆ ಕೆಳಗೆ ಯಾಕೆ ಇಳೀತಾರೆ? ಗೂಗಲ್‌ನ ಎಐ ಸಾರಾಂಶಗಳು ಭಾರತಕ್ಕೆ ಬಂದದ್ದು 2024ರ ಆಗಸ್ಟ್‌ನಲ್ಲಿ, ಆಮೇಲೆ ಹುಡುಕಾಟದ ರೀತಿಯೇ ಬದಲಾಗಿದೆ. ಸರ್ಚ್ ಕನ್ಸೋಲ್‌ನಲ್ಲಿ ಅವನ್ನು ಬೇರೆ ಮಾಡಿ ತೋರಿಸೋದಿಲ್ಲ, ಎಲ್ಲ ಒಂದೇ ಲೆಕ್ಕದಲ್ಲಿ ಸೇರಿಸುತ್ತಾರೆ. ಇದು ನನಗೆ ಸರಿ ಕಾಣಲ್ಲ.

ಮಾವನ ಇನ್ನೊಂದು ಲೇಖನ ಇದೆ. ದ್ರಾವಣ ಸರಿ ಬಂದಿದೆಯಾ ಅಂತ ನೋಡೋಕೆ ಉಜ್ಜಿದ ಕತ್ತಿಯನ್ನು ಅದ್ದಿ ತೆಗೆಯಿರಿ, ಕೆಂಪು ಬಣ್ಣ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣದ ತಿಳಿ ಹಾಕಿ ಅಂತ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರೀಬೇಕು, ಉಲ್ಟಾ ಅಲ್ಲ, ಕಬ್ಬಿಣದ ಡ್ರಮ್ ಬೇಡ ಅಂತ. ಅವರದೇ ಕೈ, ಅವರದೇ ಕತ್ತಿಯ ಫೋಟೋ. ಆ ಪುಟವನ್ನು ಜನ ಒತ್ತುತ್ತಾರೆ, ನಿಂತು ಓದುತ್ತಾರೆ. ಅದಕ್ಕೇ ಹೊಸದಾಗಿ ಬರೆಯೋವಾಗ ಇಂಥದ್ದನ್ನೇ ಬರೀರಿ ಅಂತ ಮಾವನಿಗೆ ಹೇಳಿದ್ದೇನೆ.

ಸರ್ವರ್ ಲಾಗ್ ನೋಡುವಾಗ ಚಾಟ್‌ಜಿಪಿಟಿಯ ಕಂಪನಿ ಕಳಿಸುವ ಜಿಪಿಟಿಬಾಟ್ ಬಂದು ಹೋದದ್ದೂ ಕಂಡಿತು. ಯಾವ ಯಂತ್ರ ಬರಬಾರದು ಅಂತ ಬರೆದಿಡುವ ರೋಬಾಟ್ಸ್ ಕಡತದಲ್ಲಿ ತಡೆಯಬಹುದು. ಗೂಗಲ್‌ನ ಎಐ ಜೆಮಿನಿಯ ತರಬೇತಿಗೆ ಬೇಡ ಅಂದರೆ ಗೂಗಲ್-ಎಕ್ಸ್‌ಟೆಂಡೆಡ್ ಅನ್ನೋ ಹೆಸರು ಹಾಕಬೇಕು. ಅದರಿಂದ ಹುಡುಕಾಟಕ್ಕೆ ತೊಂದರೆ ಇಲ್ಲ, ಆದರೆ ಹುಡುಕಾಟದ ಮೇಲೆ ಕೂರುವ ಸಾರಾಂಶವೂ ನಿಲ್ಲೋದಿಲ್ಲ. ಅದನ್ನು ನಿಲ್ಲಿಸೋಕೆ ಪುಟದ ತುಣುಕನ್ನೇ ತೋರಿಸಬೇಡ ಅನ್ನಬೇಕು, ಆಗ ಸಾಮಾನ್ಯ ಫಲಿತಾಂಶದಲ್ಲೂ ಶೀರ್ಷಿಕೆ ಮಾತ್ರ ಉಳಿಯುತ್ತದೆ. ಮಾವನಿಗೆ ಅರ್ಧ ಗಂಟೆ ವಿವರಿಸಿ "ತಡೀಬೇಕಾ?" ಅಂದೆ. "ಓದ್ಕೊಳ್ಲಿ ಬಿಡು, ಅಳತೆ ತಪ್ಪು ಹೇಳದಿದ್ರೆ ಸಾಕು," ಅಂದರು.

ಉಳಿದದ್ದು

ಇನ್ನು 26 ಲೇಖನಗಳು ಚಿತ್ರವಾಗೇ ಇವೆ. ಪತ್ರಿಕೆಯಲ್ಲಿ ಬಂದದ್ದನ್ನು ಮಾವ ಸ್ಕ್ಯಾನ್ ಮಾಡಿ ಹಾಕಿದ್ದರು. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶಕ್ಕೆ ಕನ್ನಡ ಓದೋಕೆ ಬರುತ್ತದೆ, ಓಡಿಸಿದೆ. ಸ್ವಚ್ಛ ಪುಟಗಳಲ್ಲಿ ಪರವಾಗಿಲ್ಲ, ಹಳದಿಯಾದ ಕಾಗದದಲ್ಲಿ ಒತ್ತಕ್ಷರ ತಪ್ಪುತ್ತದೆ. ಅಕ್ಷರ ತಪ್ಪಿದರೆ ಓದುವವರು ಸರಿ ಮಾಡಿಕೊಳ್ಳುತ್ತಾರೆ. ಅಂಕಿ ತಪ್ಪಿದರೆ? ಒಂದು ಕಡೆ 1 ಕೆಜಿ ಇದ್ದದ್ದು 11 ಕೆಜಿ ಆಗಿತ್ತು. ಹಾಗಾಗಿ ಪ್ರತಿ ಪುಟವನ್ನೂ ಮೂಲದ ಜೊತೆ ಇಟ್ಟು ಮಾವನೇ ನೋಡಬೇಕು. ಈಗ ಕೊಯ್ಲು ಶುರುವಾಗಿದೆ, ಅಂಗಳದ ತುಂಬ ಅಡಿಕೆ, ರಾತ್ರಿ ಸುಲಿಯೋ ಕೆಲಸ. ಅದು ಮುಗಿಯೋವರೆಗೆ ಆ 26 ಡ್ರಾಫ್ಟ್‌ನಲ್ಲೇ ಇರುತ್ತವೆ.